ಬರೇ ವಾಹನ

ಕಿನ್ನಾಳದ ನಮ್ಮ ಪಡಸಾಲೆಯಲ್ಲಿ
ದೇವರಿಗಿಂತ ಮೊದಲು ವಾಹನ ಹುಟ್ಟುತ್ತದೆ.
ಇಲಿ ಒಂದು ಮಧ್ಯಾಹ್ನದ ಕೆಲಸ,
ನವಿಲಿಗೆ ಎಂಟು ದಿನ. ಬಸವನಿಗೆ
ಡುಬ್ಬ ಕೂತರೆ ಉಳಿದದ್ದು ತಾನೇ ಬರುತ್ತದೆ.
ಕೋಣವನ್ನೂ ಮಾಡಿದ್ದೇವೆ, ಯಮನ ಸಮೇತ;
ಒಯ್ಯುವವರಿಲ್ಲದೆ ಅಟ್ಟದ ಮೇಲಿದ್ದಾನೆ.
ಕತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕೇಳಿದವಳು ಇರಕಲ್ಲಗಡದ ಮಡಿವಾಳರ ಸಂಕವ್ವ.
ಸೆರಗಿನ ಗಂಟು ಬಿಚ್ಚಿ ಐನೂರರ ನಾಲ್ಕು ನೋಟು
ಇಸ್ತ್ರಿ ಮಾಡುವ ಹಾಗೆ ನೆಲಕ್ಕೆ ಸವರಿ ಇಟ್ಟಳು.
“ಮ್ಯಾಲೆ ಯಾವ ದೇವಿ ಕೂಡಬೇಕವ್ವ?” ಅಂದರು ಮಾವ.
“ಯಾರೂ ಬ್ಯಾಡ್ರಿ. ಬರೇ ಕತ್ತಿ.”
ಮಾವ ನಕ್ಕರು. ಅವಳು ನಗಲಿಲ್ಲ.

ಕುಲ ಗೊತ್ತಿಲ್ಲದ್ದಕ್ಕೆ ಉಳಿ ಹಚ್ಚುವುದಿಲ್ಲ ನಮ್ಮಲ್ಲಿ.
ಪೊಲ್ಕಿ ಮರ ಒಣಗುವ ತನಕ
ಕತ್ತೆಗೊಂದು ಮನೆತನ ಹುಡುಕಿದೆವು.

ಕಾಳರಾತ್ರಿ ಅದನ್ನೇರಿ ಬರುತ್ತಾಳೆ, ಜಡೆ ಬಿಚ್ಚಿಕೊಂಡು.
ಸಿಡುಬಿನ ಶೀತಲೆ ಬರುತ್ತಾಳೆ,
ತಲೆಯ ಮೇಲೆ ಮೊರ, ಕೈಯಲ್ಲಿ ಕಸಬರಿಗೆ.
ಜ್ಯೇಷ್ಠೆಗೂ ಅದೇ ಅಂತೆ, ಲಕ್ಷ್ಮಿಯ ಅಕ್ಕ,
ಯಾರೂ ಒಳಗೆ ಬಾ ಅನ್ನದವಳು.
ಬೇಡವಾದವರೆಲ್ಲ ಬರುವುದು ಕತ್ತೆಯ ಮೇಲೇ.
ಕೃಷ್ಣ ಹುಟ್ಟಿದ ರಾತ್ರಿ ವಸುದೇವ ಕಾಲು ಹಿಡಿದದ್ದೂ ಅದರದೇ:
ಇದೊಂದು ಸಲ ಒದರಬೇಡ ಮಾರಾಯ.

ದವಾಖಾನೆಯ ನರ್ಸು ಸಲೋಮಿ ಫೋನು ಮಾಡಿ ಹೇಳಿದಳು:
“ಬೆನ್ನ ಮ್ಯಾಲಿನ ಕರೀ ಶಿಲುಬಿ ಮರೀಬ್ಯಾಡ,
ಏಸುಸ್ವಾಮಿ ಕೂತ ಗುರುತು ಅದು.”
ಮಗ ಮೊಬೈಲಿನಲ್ಲಿ ತೋರಿಸಿದ:
ಮಿಸರ ದೇಶದವರು ಅದಕ್ಕೆ ಹೆದರಿ
ಅಕ್ಷರದಲ್ಲಿ ಬರೆದ ಕತ್ತೆಗೂ
ಚೂರಿ ಚುಚ್ಚಿಯೇ ಬರೆಯುತ್ತಿದ್ದರಂತೆ.
ಎದುರಿನ ಕಿರಾಣಿ ಅಂಗಡಿಯ ಬಾಗಿಲ ಮೇಲೆ
ಗಾಜಿನೊಳಗೆ ಎರಡು ಕತ್ತೆ,
ನನ್ನ ನೋಡಿದರೆ ಯೋಗ ಬರುತ್ತೆ ಅನ್ನುತ್ತವೆ.
ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ ನಾನು.

ಸಂಕವ್ವ ಮತ್ತೆ ಬಂದಾಗ ಇಷ್ಟೂ ಹೇಳಿದೆ.
ತಲೆಬಾಗಿಲಿಗೆ ಒರಗಿ ಕೇಳಿದಳು,
ಬೇರೆಯವರ ಬೀಗರ ಸುದ್ದಿ ಕೇಳುವ ಹಾಗೆ.
“ನಮ್ಮ ಚೆನ್ನಿ ಹನ್ನೊಂದು ವರ್ಷ ಊರ ಮೈಲಿಗಿ ಹೊತ್ತಳ್ರಿ.
ಹೆರಿಗಿ ಬಟ್ಟಿ, ಮುಟ್ಟಿನ ಬಟ್ಟಿ, ಸತ್ತವರ ಹಾಸಿಗಿ.
ಯಾರ ಮನೀದು ಯಾವ ಕಲೆ, ಆಕಿಗೆ ಗೊತ್ತಿತ್ತು.
ಹೊರಗ ಬಿಡಲಿಲ್ಲ.”
ಇಷ್ಟೇ ಅಂದು ನೀರು ಕೇಳಿದಳು.

ಕಿವಿ ಕೆತ್ತುವ ದಿನ ಮಾವ ಮೌನವಾದರು.
ರಾಜನ ಕಿವಿ ಕತ್ತೆ ಕಿವಿ ಎಂಬ ಗುಟ್ಟು
ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಹಜಾಮನೊಬ್ಬ
ಮರದ ಪೊಟರೆಗೆ ಹೇಳಿದ್ದು, ಮರ ಡೋಲಾದದ್ದು,
ಡೋಲು ಊರಿಗೆಲ್ಲ ಹೇಳಿದ್ದು,
ಮರದ ಜೊತೆ ಬದುಕುವವರಿಗೆ ಬರೀ ಕಥೆಯಲ್ಲ.

ಆಮೇಲೆ ನನ್ನ ಪಾಳಿ. ಕಿಟ್ಟ ಮೆತ್ತಿದೆ,
ಗೋಣಿತಾಟು ಸುತ್ತಿದೆ, ಸುಣ್ಣದ ಬಿಳುಪು, ಬೂದಿಬಣ್ಣ.
ಸಲೋಮಿಗೆ ಮಾತು ಕೊಟ್ಟಂತೆ ಬೆನ್ನಿಗೆ ಕರಿಗೀಟು.
ಲಜವರದ ಹೊಳಪು ಉಳಿಯಿತು.
ಅದನ್ನು ನಾವು ಕಿರೀಟಕ್ಕೆ ಹಚ್ಚುವುದು; ಇಲ್ಲಿ ಕಿರೀಟವಿಲ್ಲ.
ಹೊರೆಯ ಹಗ್ಗ ತಿಕ್ಕಿ ಕೂದಲುದುರುವ ಜಾಗವಿದೆಯಲ್ಲ,
ಹೊಟ್ಟೆಯ ಪಕ್ಕ,
ಅಲ್ಲಿ ಹಚ್ಚಿದೆ.

ದೀಪ ಆರಿಸುವ ಮುಂಚೆ
ಅದರ ಬಲಗಿವಿಗೆ ಒಂದು ಮಾತು ಹೇಳಿದೆ.
ಹುಣಸೆಬೀಜದ ಅಂಟು ಇನ್ನೂ ಹಸಿಯಿತ್ತು.

ಸಂಕವ್ವ ಒಗೆದ ದುಪ್ಪಟಿಯಲ್ಲಿ ಸುತ್ತಿ
ತಲೆಯ ಮೇಲೆ ಹೊತ್ತಳು. ಊರು ನಕ್ಕಿತು:
ಅಗಸರವಳ ಮೇಲೆ ಕತ್ತೆ ಏರಿದೆ ನೋಡ್ರೋ.
ಬಸ್ಸಿನ ಮೆಟ್ಟಿಲಲ್ಲಿ ಕಂಡಕ್ಟರು ತಡೆದ.
“ನಿನಗ ಫ್ರೀ ಐತಿ ಯಮ್ಮಾ, ಲಗೇಜಿಗಿಲ್ಲ.”
“ಲಗೇಜಲ್ಲೋ ತಮ್ಮಾ, ಹೆಣ್ಣದು.
ಆಧಾರ ಕಾರ್ಡು ಒಂದಿಲ್ಲ.”

ಬಸ್ಸು ಹೊರಟಿತು.
ಕಿಟಕಿಯಲ್ಲಿ, ದುಪ್ಪಟಿಯ ಗಂಟು ಸಡಿಲಾಗಿ,
ಒಂದೇ ಕಿವಿ ಹೊರಗಿತ್ತು.
ಯಾವ ಕಿವಿ ಅಂತ ನೋಡಲು
ಕೆರೆಯ ತಿರುವಿನ ತನಕ ಓಡಿದೆ.